ಕೂಲರ್ ಹಚ್ಚಿದರೆ ಹೆಜ್ಜೆ ಸಪ್ಪಳ ಕೇಳಿಸುವುದಿಲ್ಲ: ಬೇಸಿಗೆಗೆ ಮರಳಿ ಬರುವ ಹಳೆಯ ಭಯ

ಪ್ರಶ್ನೆ: ಮೇಡಂ, ನನಗೆ 36 ವರ್ಷ. ಕಲಬುರಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಎಸ್‌ಡಿಎ ಆಗಿದ್ದೇನೆ. ನಮ್ಮ ಮನೆಯವರದು ಟ್ರಾನ್ಸ್‌ಪೋರ್ಟ್ ಕೆಲಸ, ವಾರದಲ್ಲಿ ಮೂರ್ನಾಲ್ಕು ದಿನ ಊರಲ್ಲಿ ಇರುವುದಿಲ್ಲ. ಒಂಬತ್ತು ವರ್ಷದ ಮಗಳಿದ್ದಾಳೆ. ಚಿಕ್ಕವಳಿದ್ದಾಗ ಅಪ್ಪ ಕುಡಿದು ಬಂದು ಅವ್ವನಿಗೂ ನನಗೂ ಹೊಡೆಯುತ್ತಿದ್ದ. ಏಳೆಂಟು ವರ್ಷ ಇದೇ ನಡೆಯಿತು. ತೊಗರಿ, ಜೋಳದ ರಾಶಿ ಮುಗಿದು ಕೈಯಲ್ಲಿ ದುಡ್ಡಿದ್ದಾಗ, ಹೊಲದಲ್ಲಿ ಕೆಲಸ ಇಲ್ಲದಾಗ ಬಹಳ. ಮಧ್ಯಾಹ್ನ ಅವನ ಚಪ್ಪಲಿ ಸಪ್ಪಳ ಕೇಳಿದರೆ ಜೋಳದ ಚೀಲದ ಹಿಂದೆ ಹೋಗಿ ಕೂಡುತ್ತಿದ್ದೆ.

ಎಲ್ಲ ಮರೆತಿದ್ದೇನೆ ಅಂದುಕೊಂಡಿದ್ದೆ. ಆದರೆ ಪ್ರತಿ ವರ್ಷ ಏಪ್ರಿಲ್ ಬಂದರೆ ನಾನು ಬೇರೆಯವಳೇ ಆಗುತ್ತೇನೆ. ಈಗ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30. ಮನೆಗೆ ಬಂದು ಬೀಗ ತೆಗೆದ ಕೂಡಲೇ ಎದೆ ಹೊಡೆದುಕೊಳ್ಳುತ್ತದೆ, ಬೆವರು ಕಿತ್ತು ಬರುತ್ತದೆ, ಕೈ ನಡುಗುತ್ತದೆ. ಕಿಟಕಿ ಬಾಗಿಲು ಹಾಕಿಕೊಂಡು ಕೂಡುತ್ತೇನೆ. ಕೂಲರ್ ಹಚ್ಚುವುದಿಲ್ಲ, ಹಚ್ಚಿದರೆ ಯಾರಾದರೂ ಬಂದ ಹೆಜ್ಜೆ ಸಪ್ಪಳ ಕೇಳಿಸುವುದಿಲ್ಲ. ರಾತ್ರಿ ಎರಡು ತಾಸು ನಿದ್ದೆ ಬಂದರೆ ಹೆಚ್ಚು. ಹೋದ ವಾರ ಮಗಳು ನೀರಿನ ತಂಬಿಗೆ ಕೆಡವಿದಳು, ಆ ಸಪ್ಪಳಕ್ಕೆ ಕೈ ಎತ್ತಿಬಿಟ್ಟೆ. ಹೊಡೆಯಲಿಲ್ಲ. ಆದರೆ ಅವಳ ಮುಖದಲ್ಲಿ ನನ್ನ ಹಳೆಯ ಮುಖ ಕಂಡಿತು.

ಖಿನ್ನತೆ, ಆತಂಕಕ್ಕೆ ಕೊಡುವ ಸರ್ಟ್ರಾಲಿನ್ ಮಾತ್ರೆಯನ್ನು ವೈದ್ಯರು ಹೇಳಿದಂತೆ ಎರಡು ವರ್ಷದಿಂದ ತೆಗೆದುಕೊಳ್ಳುತ್ತಿದ್ದೆ. ಯುಗಾದಿಗೆ ಬಂದ ಅತ್ತೆ ‘ಬ್ಯಾಸಗ್ಯಾಗ ಈ ಗುಳಗಿ ಉಷ್ಣ ಮಾಡ್ತಾವ, ಬಿಡು’ ಅಂದರು. ಬಿಟ್ಟು ಮೂರು ವಾರವಾಯಿತು. ನಿದ್ದೆಗೆಂದು ನೆಗೆಣ್ಣಿಯ ಅಲ್ಪ್ರಜೋಲಾಮ್ ಒಂದೊಂದು ನುಂಗುತ್ತಿದ್ದೇನೆ. ಅವ್ವ ದಿನಾ ಫೋನ್ ಮಾಡುತ್ತಾಳೆ: ‘ಸೂಟಿ ಬಿಟ್ಟದ, ಹುಡುಗಿನ ಕರಕೊಂಡು ಬಾ. ಅಪ್ಪಗ ಲಕ್ವಾ ಹೊಡದು ಮೆತ್ತಗಾಗ್ಯಾನ, ಇನ್ನೆಷ್ಟ್ ದಿನ ಇರ್ತಾನ.’ ಹೋಗದಿದ್ದರೆ ನಾನು ಕೆಟ್ಟ ಮಗಳೇ? ನನಗೆ ಹುಚ್ಚು ಹಿಡಿಯುತ್ತಿದೆಯೇ, ಅಥವಾ ಇದು ಬರೀ ಬಿಸಿಲಿನ ಝಳವೇ?

– ಹೆಸರು ಬೇಡ, ಕಲಬುರಗಿ

ಉತ್ತರ: ಹುಚ್ಚು ಹಿಡಿಯುತ್ತಿಲ್ಲ. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಆ ಅನುಮಾನ ತಲೆಯಲ್ಲಿ ಕೊರೆಯುತ್ತಿದ್ದರೆ ಮುಂದೆ ನಾನು ಬರೆದದ್ದು ಯಾವುದೂ ಒಳಗೆ ಇಳಿಯುವುದಿಲ್ಲ. ಹಾಗಂತ ಬರೀ ಬಿಸಿಲು ಅಂತಲೂ ಬಿಡುವ ಹಾಗಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೂಲರಿನ ಮಾತು. ಕಲಬುರಗಿಯ ಬಿಸಿಲಲ್ಲಿ, ಮನೆಯಲ್ಲಿ ಕೂಲರ್ ಇಟ್ಟುಕೊಂಡು, ಹಚ್ಚದೆ ಕೂಡುವುದು ನೋಡುವವರಿಗೆ ಹಟ ಅನಿಸಬಹುದು. ನಿಮ್ಮೊಳಗಿನ ಆ ಚಿಕ್ಕ ಹುಡುಗಿಗೆ ಅದೊಂದು ಲೆಕ್ಕ. ಚಪ್ಪಲಿ ಸಪ್ಪಳ ಮೊದಲೇ ಕೇಳಿಸಿದರೆ ಚೀಲದ ಹಿಂದೆ ಸೇರಿಕೊಳ್ಳಲು ಅರ್ಧ ನಿಮಿಷ ಸಿಗುತ್ತದೆ. ಆಗ ಆ ಅರ್ಧ ನಿಮಿಷ ನಿಮ್ಮನ್ನು ಎಷ್ಟೋ ಪೆಟ್ಟಿನಿಂದ ಉಳಿಸಿತ್ತು. ಒಮ್ಮೆ ಜೀವ ಉಳಿಸಿದ ಅಭ್ಯಾಸವನ್ನು ಮಿದುಳು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ಅಪಾಯ ಮುಗಿದು ಇಪ್ಪತ್ತು ವರ್ಷ ಕಳೆದರೂ.

ಒಂದು ಅಪಘಾತ, ಒಂದು ಪ್ರವಾಹ ಮನಸ್ಸಿನ ಮೇಲೆ ಬಿಡುವ ಗಾಯ ಒಂದು ಬಗೆಯದು. ಕಾಪಾಡಬೇಕಾದ ಕೈಯೇ ವರ್ಷಗಟ್ಟಲೆ ಹೊಡೆಯುತ್ತಿದ್ದಾಗ, ಓಡಿಹೋಗಲು ಜಾಗವಿಲ್ಲದಿದ್ದಾಗ ಆಗುವ ಗಾಯ ಬೇರೆ. ಇದನ್ನು ಬೇರೆಯಾಗಿಯೇ ಗುರುತಿಸಬೇಕು ಎಂದು ಅಮೆರಿಕದ ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲೇ ವಾದಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಾಗ ‘ಕಾಂಪ್ಲೆಕ್ಸ್ ಪಿಟಿಎಸ್‌ಡಿ’ (ದೀರ್ಘ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ಎಂಬುದಕ್ಕೆ ಅದರಲ್ಲಿ ಸ್ವಂತ ಜಾಗ ಸಿಕ್ಕಿತು. ಅಮೆರಿಕದ ಮನೋವೈದ್ಯರು ಬಳಸುವ ಡಿಎಸ್‌ಎಂ ಎಂಬ ರೋಗಪಟ್ಟಿಯಲ್ಲಿ ಇದಕ್ಕೆ ಪ್ರತ್ಯೇಕ ಹೆಸರಿಲ್ಲ. ಹಾಗಾಗಿ ನಿಮ್ಮ ಚೀಟಿಯಲ್ಲಿ ‘ಖಿನ್ನತೆ’ ಅಥವಾ ‘ಆತಂಕ’ ಅಂತ ಬರೆದಿದ್ದರೆ ಗಾಬರಿ ಬೇಡ, ವೈದ್ಯರು ನಿಮ್ಮನ್ನು ತಪ್ಪು ತಿಳಿದರು ಅಂತಲ್ಲ.

ಇದರಲ್ಲಿ ಎರಡು ಪದರ ಇರುತ್ತದೆ. ಹಳೆಯದು ಈಗಲೇ ನಡೆಯುತ್ತಿದೆ ಅನಿಸುವುದು, ಅದನ್ನು ನೆನಪಿಸುವ ಎಲ್ಲದರಿಂದ ದೂರ ಓಡುವುದು, ಸದಾ ಕಿವಿ ನಿಮಿರಿಸಿಕೊಂಡಿರುವುದು ಮೊದಲನೆಯ ಪದರ. ಸಿಟ್ಟು ದುಃಖ ಕೈಗೆ ಸಿಗದಿರುವುದು, ನಾನೇ ಸರಿಯಿಲ್ಲ ಎಂಬ ಗಟ್ಟಿ ನಂಬಿಕೆ, ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಾಗದಿರುವುದು ಎರಡನೆಯದು. ‘ನಾನು ಕೆಟ್ಟ ಮಗಳೇ’ ಅಂತ ಕೇಳಿದಿರಲ್ಲ, ಆ ಪ್ರಶ್ನೆ ಈ ಎರಡನೆಯ ಪದರದಿಂದ ಎದ್ದು ಬಂದದ್ದು. ಪತ್ರ ಓದಿ ರೋಗನಿರ್ಣಯ ಮಾಡುವುದು ಸರಿಯಲ್ಲ, ಎದುರು ಕೂತು ಮಾತಾಡಿದವರೇ ಅದನ್ನು ಮಾಡಬೇಕು. ಆದರೆ ನೀವು ಬರೆದದ್ದರಲ್ಲಿ ಇದರ ನೆರಳು ಸ್ಪಷ್ಟವಾಗಿದೆ.

ಇನ್ನು, ಬೇಸಿಗೆಯೇ ಯಾಕೆ?

ಬಿಸಿಲಿಗೆ ಮೈ ತನ್ನ ಕಾವನ್ನು ಹೊರಹಾಕಬೇಕು. ಅದಕ್ಕೆ ರಕ್ತ ಚರ್ಮದ ಕಡೆ ಹರಿಯುತ್ತದೆ, ಹೃದಯ ಜೋರಾಗಿ ಬಡಿಯುತ್ತದೆ, ಬೆವರು ಸುರಿಯುತ್ತದೆ, ನೀರು ಕಡಿಮೆಯಾದರೆ ತಲೆ ಹಗುರಾಗುತ್ತದೆ. ಭಯ ಬಿದ್ದಾಗಲೂ ಮೈಯಲ್ಲಿ ಬಹುಪಾಲು ಇದೇ ಆಗುವುದು. ಬೇರೆಯವರ ಮಿದುಳು ಇದನ್ನು ‘ಅಬ್ಬಾ, ಏನು ಸೆಕೆ’ ಎಂದು ಓದಿಕೊಳ್ಳುತ್ತದೆ. ನಿಮ್ಮದು ‘ಅವನು ಬಂದ’ ಎಂದು ಓದಿಕೊಳ್ಳುತ್ತದೆ. ಮೈ ಕೊಡುವ ಸುದ್ದಿ ಎರಡೂ ಕಡೆ ಒಂದೇ. ಇದರ ಮೇಲೆ ರಾತ್ರಿಯ ಕಾವು ಬೇರೆ. ನಿದ್ದೆ ಹತ್ತಬೇಕಾದರೆ ಮೈಯೊಳಗಿನ ಉಷ್ಣಾಂಶ ಸ್ವಲ್ಪ ಇಳಿಯಬೇಕು. ಗೋಡೆಯೇ ಕಾದು ಕೂತಿರುವ ಮುಚ್ಚಿದ ಕೋಣೆಯಲ್ಲಿ ಅದು ಇಳಿಯುವುದಿಲ್ಲ. ನಿದ್ದೆ ತುಂಡು ತುಂಡಾದಾಗ ಕನಸಿನ ನಡುವೆಯೇ ಎಚ್ಚರವಾಗುತ್ತದೆ, ಕೆಟ್ಟ ಕನಸು ನೆನಪಿನಲ್ಲಿ ಹಾಗೇ ಉಳಿಯುತ್ತದೆ, ಮರುದಿನ ಸಿಟ್ಟು ತುದಿಗಾಲಲ್ಲಿ ನಿಂತಿರುತ್ತದೆ.

ಆದರೆ ನನಗೆ ಕಾಣುವ ದೊಡ್ಡ ಕಾರಣ ಬೇರೆ ಇದೆ. ಶಾಲೆ ಇದ್ದ ದಿನಗಳಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ನಿಮಗೆ ಸೇರಿಕೊಳ್ಳಲು ಒಂದು ಜಾಗ ಇತ್ತು. ಸೂಟಿ ಬಿಟ್ಟ ಕೂಡಲೇ ಆ ಬಾಗಿಲು ಮುಚ್ಚುತ್ತಿತ್ತು. ಅದೇ ಹೊತ್ತಿಗೆ ರಾಶಿ ಮುಗಿದು, ಮುಂಗಾರಿನವರೆಗೆ ಕೆಲಸವಿಲ್ಲದ ಅಪ್ಪ ಹಗಲೆಲ್ಲ ಮನೆ ಹಿಡಿಯುತ್ತಿದ್ದ. ಈಗ ನೋಡಿ, ಬಿಸಿಲಿಗೆಂದು ಸರ್ಕಾರ ನಿಮ್ಮ ಭಾಗದ ಕಚೇರಿಗಳ ವೇಳೆ ಬದಲಿಸಿದ ಕೂಡಲೇ, ವರ್ಷವಿಡೀ ನಿಮ್ಮನ್ನು ಸಂಜೆಯವರೆಗೆ ಹಿಡಿದಿಟ್ಟುಕೊಳ್ಳುತ್ತಿದ್ದ ಜಾಗ ಮಧ್ಯಾಹ್ನ ಒಂದೂವರೆಗೆ ನಿಮ್ಮನ್ನು ಹೊರಗೆ ಬಿಡುತ್ತದೆ. ಸಹೋದ್ಯೋಗಿಗಳಿಗೆ ಅದು ಅನುಕೂಲ. ನಿಮ್ಮ ಮೈಗೆ ಮಾತ್ರ ಮತ್ತೆ ಶಾಲೆ ಮುಚ್ಚಿದಂತೆ. ಅದೇ ಬೆಳಕು, ಅದೇ ನಿಶ್ಶಬ್ದ, ಅದೇ ಕಾದ ಪರಸಿ ನೆಲ. ಸಾಲದ್ದಕ್ಕೆ ಮನೆಯಲ್ಲಿ ಒಂಬತ್ತು ವರ್ಷದ ಹುಡುಗಿ. ಮಕ್ಕಳು ನಮ್ಮ ಆ ವಯಸ್ಸನ್ನು ಮುಟ್ಟಿದಾಗ ಹಳೆಯದು ಎದ್ದು ಕೂಡುವುದನ್ನು ನಾನು ಚಿಕಿತ್ಸೆಯಲ್ಲಿ ಎಷ್ಟೋ ತಾಯಂದಿರಲ್ಲಿ ಕಂಡಿದ್ದೇನೆ.

ಬೇಸಿಗೆಗೆ ಕುಸಿಯುವವರು ನೀವೊಬ್ಬರೇ ಅಲ್ಲ ಎಂಬುದಕ್ಕೆ ಇನ್ನೊಂದು ಮಾತು. ಸೂಟಿಗೆಂದು ನೆಂಟರ ಮನೆಗೆ ಹೋಗಿ, ಮಾಳಿಗೆ ಮೇಲೆ ಸಾಲಾಗಿ ಮಲಗಿದ್ದ ರಾತ್ರಿಗಳಲ್ಲಿ ಯಾರದೋ ಕೈಗೆ ಸಿಕ್ಕವರು ನನ್ನ ಬಳಿ ಬರುತ್ತಾರೆ, ಗಂಡಸರೂ ಹೆಂಗಸರೂ. ಅವರಿಗೆ ಮಾವಿನ ಹಣ್ಣಿನ ವಾಸನೆ ಸಾಕು, ಹೊಟ್ಟೆ ತೊಳಸುತ್ತದೆ. ಯಾಕೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಬುದ್ಧಿಗೆ ತಾರೀಖು ಮರೆತಿದ್ದರೂ ಮೈ ಋತು ಮರೆತಿರುವುದಿಲ್ಲ.

ಈಗ ಗುಳಗಿಯ ವಿಷಯ. ಪತ್ರವನ್ನು ಎರಡನೇ ಸಲ ಓದಿದಾಗ ನನ್ನ ಕಣ್ಣು ನಿಂತಿದ್ದು ‘ಮೂರು ವಾರ’ದ ಮೇಲೆ. ನಿಮ್ಮ ಅತ್ತೆ ಹೇಳಿದ್ದು ಕೆಟ್ಟ ಮನಸ್ಸಿನಿಂದಲ್ಲ. ‘ಮಾತ್ರೆ ಉಷ್ಣ’ ಎಂಬ ಮಾತನ್ನು ಪ್ರತಿ ಬೇಸಿಗೆಯಲ್ಲೂ ಹತ್ತಾರು ರೋಗಿಗಳಿಂದ ಕೇಳುತ್ತೇನೆ. ಅದರಲ್ಲಿ ಒಂದು ಎಳೆ ನಿಜವೂ ಹೌದು. ಸರ್ಟ್ರಾಲಿನ್ ಕೆಲವರಿಗೆ ಹೆಚ್ಚು ಬೆವರಿಸುತ್ತದೆ, ಹಾಗಾಗಿ ನೀರು, ಮಜ್ಜಿಗೆ, ಉಪ್ಪು ಹಾಕಿದ ಗಂಜಿ ಕಡೆ ಗಮನ ಬೇಕು. ಆದರೆ ಅದು ಮೈಯಲ್ಲಿ ಪಿತ್ತ ಏರಿಸುತ್ತದೆ, ಬೇಸಿಗೆಗೆ ಬಿಟ್ಟು ಮಳೆಗಾಲಕ್ಕೆ ಶುರು ಮಾಡಬಹುದು ಎಂಬುದು ತಪ್ಪು. ಎರಡು ವರ್ಷ ತೆಗೆದುಕೊಂಡ ಈ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಮೈಯಲ್ಲಿ ಕರೆಂಟ್ ಹರಿದಂತೆ ಜುಮ್ಮೆನ್ನುವುದು, ಕಿರಿಕಿರಿ, ವಿಪರೀತ ಕನಸು ಬರಬಹುದು. ಅದು ತಣ್ಣಗಾಗುವ ಹೊತ್ತಿಗೆ, ಮಾತ್ರೆ ಹಿಡಿದಿಟ್ಟಿದ್ದ ಭಯ ಮೇಲೆ ಬರಲು ಶುರುವಾಗುತ್ತದೆ. ನಿಮ್ಮ ಈ ಸಲದ ಬೇಸಿಗೆ ಹೋದ ಸಲಕ್ಕಿಂತ ಉರಿಯಾಗಿರಲು ಇದೇ ದೊಡ್ಡ ಕಾರಣ ಇರಬಹುದು. ಹಾಗೆಂದು ಇವತ್ತೇ ಹಳೆಯ ಡೋಸು ನುಂಗಬೇಡಿ. ಮತ್ತೆ ಕಡಿಮೆಯಿಂದ ಶುರು ಮಾಡಬೇಕೇ ಎಂಬುದನ್ನು ನಿಮ್ಮ ವೈದ್ಯರು ಹೇಳಲಿ. ಫಲ ಕಾಣಲು ನಾಲ್ಕರಿಂದ ಆರು ವಾರ ಬೇಕಾಗಬಹುದು.

ನೆಗೆಣ್ಣಿಯ ಅಲ್ಪ್ರಜೋಲಾಮ್ ಬಗ್ಗೆ ನನಗೆ ನಿಜವಾಗಿ ಆತಂಕ ಇದೆ. ಅದು ಆ ರಾತ್ರಿಗೆ ನಿದ್ದೆ ಕೊಡುತ್ತದೆ, ಕೆಲವೇ ವಾರಗಳಲ್ಲಿ ಅದಿಲ್ಲದೆ ನಿದ್ದೆ ಬರದ ಹಾಗೆ ಮಾಡುತ್ತದೆ. ಆಘಾತದ ಭಯಕ್ಕೆ ಅದು ಮದ್ದಲ್ಲ. ಆ ಭಯ ತಾನಾಗಿ ಕರಗುವ ದಾರಿಗೂ ಅಡ್ಡ ಬರುತ್ತದೆ. ಅಪರೂಪಕ್ಕೆ ತೆಗೆದುಕೊಂಡಿದ್ದರೆ ಈಗಲೇ ಬಿಡಿ. ದಿನಾ ತೆಗೆದುಕೊಳ್ಳುತ್ತಿದ್ದರೆ ತಟ್ಟನೆ ಬಿಡಬೇಡಿ, ವೈದ್ಯರಿಗೆ ಮುಚ್ಚಿಡದೆ ಹೇಳಿ. ಹಂತ ಹಂತವಾಗಿ ಇಳಿಸಬೇಕಾಗುತ್ತದೆ. ಕೆಟ್ಟ ಕನಸಿಗೆ ಕೆಲವೊಮ್ಮೆ ಪ್ರಜೋಸಿನ್ ಕೊಡುತ್ತಾರೆ. ಅದು ರಕ್ತದೊತ್ತಡ ಇಳಿಸುತ್ತದೆ, ಬೇಸಿಗೆಯಲ್ಲಿ ನೀರು ಕಡಿಮೆಯಾದ ಮೈಗೆ ಎದ್ದು ನಿಂತಾಗ ಕಣ್ಣು ಕತ್ತಲೆ ಬರಬಹುದು. ಎದೆಬಡಿತಕ್ಕೆ ಕೊಡುವ ಪ್ರೊಪ್ರನೊಲಾಲ್‌ಗೂ ಇದೇ ಎಚ್ಚರಿಕೆ. ಇದನ್ನು ಓದುವ ಬೇರೆಯವರಿಗೆ ಒಂದು ಮಾತು: ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರು ಬೇಸಿಗೆಯಲ್ಲಿ ವಾಂತಿ, ಭೇದಿ, ಕೈ ನಡುಕ ಕಂಡರೆ ಅದೇ ದಿನ ವೈದ್ಯರನ್ನು ಕಾಣಬೇಕು. ಮೈಯಲ್ಲಿ ನೀರು ಇಳಿದರೆ ರಕ್ತದಲ್ಲಿ ಅದರ ಮಟ್ಟ ಏರಿ ವಿಷವಾಗಬಹುದು.

ವೈದ್ಯರ ಬಳಿ ಹೋದಾಗ ಥೈರಾಯ್ಡ್ ಮತ್ತು ಹಿಮೊಗ್ಲೋಬಿನ್ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಹೆಚ್ಚಾದರೂ ಸೆಕೆ ತಡೆಯಲಾಗುವುದಿಲ್ಲ, ಕೈ ನಡುಗುತ್ತದೆ, ಎದೆ ಬಡಿಯುತ್ತದೆ. ಎಲ್ಲವನ್ನೂ ಹಳೆಯ ಗಾಯದ ತಲೆಗೆ ಕಟ್ಟಿ ಕಣ್ಣ ಮುಂದಿನ ಕಾಯಿಲೆ ಬಿಟ್ಟುಹೋಗಬಾರದು. ಉಷ್ಣಾಘಾತವೂ ಹಾಗೆಯೇ. ಮಾತು ತೊದಲಿ, ಗೊಂದಲವಾಗಿ, ಮೈ ಕೆಂಡದಂತೆ ಸುಟ್ಟು ಜ್ವರ 104 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಉಸಿರಾಟದ ಅಭ್ಯಾಸ ಮಾಡುತ್ತ ಕೂಡುವ ಹೊತ್ತಲ್ಲ ಅದು, ಮೈ ತಣ್ಣಗೆ ಮಾಡುತ್ತ ಆಸ್ಪತ್ರೆಗೆ ಧಾವಿಸುವ ಹೊತ್ತು.

ಮಧ್ಯಾಹ್ನ ಒಂದೂ ನಲವತ್ತಕ್ಕೆ ಬರೋಣ. ಬೀಗ ತೆಗೆಯುವ ಮೊದಲು ಒಂದು ನಿಮಿಷ ಬಾಗಿಲಲ್ಲಿ ನಿಲ್ಲಿ. ಬೀಗದ ಕೈಯನ್ನು ಅಂಗೈಯಲ್ಲಿ ಒತ್ತಿ ಹಿಡಿಯಿರಿ, ಅದರ ಹಲ್ಲು ಚರ್ಮಕ್ಕೆ ತಾಗುವ ಹಾಗೆ. ಇವತ್ತಿನ ತಾರೀಖು, ನಿಮ್ಮ ವಯಸ್ಸು ಬಾಯಿಬಿಟ್ಟು ಹೇಳಿ. ‘ಇದು ನನ್ನ ಮನೆ, ಬೀಗದ ಕೈ ನನ್ನ ಹತ್ತಿರ ಇದೆ’ ಅನ್ನಿ. ಚೀಲದ ಹಿಂದೆ ಕೂಡುತ್ತಿದ್ದ ಆ ಹುಡುಗಿಯ ಹತ್ತಿರ ಯಾವ ಬಾಗಿಲಿನ ಬೀಗದ ಕೈಯೂ ಇರಲಿಲ್ಲ, ಅದಕ್ಕೇ ಈ ವಸ್ತುವನ್ನೇ ಆರಿಸಿದೆ. ಒಳಗೆ ಹೋಗಿ ಮುಖಕ್ಕೆ ತಣ್ಣೀರು, ಕುತ್ತಿಗೆಗೆ ಒದ್ದೆ ಟವೆಲ್. ಉಸಿರು ಎಳೆಯುವುದಕ್ಕಿಂತ ಬಿಡುವುದು ನಿಧಾನವಾಗಿರಲಿ. ಕಣ್ಣು ಮುಚ್ಚಿ ಧ್ಯಾನ ಮಾಡಿ ಅಂತ ಯಾರಾದರೂ ಹೇಳಿದರೆ ಸದ್ಯಕ್ಕೆ ಬೇಡ ಅನ್ನಿ. ನಿಮ್ಮಂಥವರಿಗೆ ಕಣ್ಣು ಮುಚ್ಚಿದ ಕೂಡಲೇ ಹಳೆಯ ಮನೆ ಎದ್ದು ನಿಲ್ಲುವುದುಂಟು. ಕಣ್ಣು ತೆರೆದೇ, ಕೋಣೆಯಲ್ಲಿ ಈಗ ಇರುವ ವಸ್ತುಗಳನ್ನು ನೋಡುತ್ತ ಉಸಿರಾಡಿ.

ಕೂಲರಿಗೆ ಕಿಟಕಿ ಬೇಕು. ಹೊರಗಿನ ಒಣ ಗಾಳಿ ಒಳಗೆ ಬಂದು, ಒದ್ದೆ ಗಾಳಿ ಹೊರಗೆ ಹೋಗದಿದ್ದರೆ ಮುಚ್ಚಿದ ಕೋಣೆ ಹಬೆಯಾಗುತ್ತದೆ, ತಣ್ಣಗಾಗುವುದಿಲ್ಲ. ಹಾಗಾಗಿ ಕಿಟಕಿ ನಾಲ್ಕು ಬೆರಳು ತೆರೆಯುವುದನ್ನೂ ಕೂಲರ್ ಹಚ್ಚುವುದನ್ನೂ ಒಟ್ಟಿಗೇ ಕಲಿಯಬೇಕಾಗುತ್ತದೆ. ಮುಂಬಾಗಿಲ ಚಿಲಕಕ್ಕೆ ಎತ್ತಿನ ಕೊರಳ ಗೆಜ್ಜೆಯ ಥರದ್ದೇನಾದರೂ ಕಟ್ಟಿ. ಬಾಗಿಲು ಅಲುಗಿದರೆ ಅದು ಸದ್ದು ಮಾಡುತ್ತದೆ, ಕಿವಿ ಕಾವಲು ಕಾಯಬೇಕಿಲ್ಲ. ಹಾಸಿಗೆಯನ್ನು ಬಾಗಿಲು ಕಾಣುವ ಹಾಗೆ ತಿರುಗಿಸಿ. ಮನೆಯವರು ಊರಲ್ಲಿರುವ ದಿನ, ಹಗಲಲ್ಲಿ, ಹತ್ತು ನಿಮಿಷ ಕೂಲರ್ ಹಚ್ಚಿ. ಭಯ ಏರುತ್ತದೆ, ಇಳಿಯುತ್ತದೆ. ಮರುದಿನ ಹದಿನೈದು ನಿಮಿಷ. ಇದರಲ್ಲಿ ಒಂದು ಅಪಾಯವೂ ಇದೆ: ಗೆಜ್ಜೆ ಇಲ್ಲದೆ ಮಲಗಲಾಗದು ಎಂಬ ಹಂತಕ್ಕೆ ಹೋದರೆ ಅದೂ ಒಂದು ಜೋಳದ ಚೀಲವೇ ಆಗುತ್ತದೆ. ಮಳೆಗಾಲದ ಹೊತ್ತಿಗೆ ಬಿಚ್ಚುವ ಯೋಚನೆ ಇರಲಿ.

ಮಧ್ಯಾಹ್ನವನ್ನೆಲ್ಲ ಒಬ್ಬರೇ ಎದುರಿಸಬೇಕಿಲ್ಲ ಕೂಡ. ವಾರದಲ್ಲಿ ಎರಡು ದಿನ ಕಚೇರಿಯಿಂದ ನೇರ ಗ್ರಂಥಾಲಯಕ್ಕೋ ಗೆಳತಿಯ ಮನೆಗೋ ಮಗಳ ಜೊತೆ ಹೋಗಿ, ಬಿಸಿಲು ಇಳಿದ ಮೇಲೆ ಬನ್ನಿ. ದಿನವೂ ಹೀಗೆ ಮಾಡಿದರೆ ಮನೆ ಎಂದರೆ ಭಯ ಎಂಬುದು ಗಟ್ಟಿಯಾಗುತ್ತದೆ, ಅದಕ್ಕೇ ಎರಡು ದಿನ ಅಂದೆ.

‘ಎಲ್ಲ ಒಮ್ಮೆ ಬಾಯಿಬಿಟ್ಟು ಅತ್ತುಬಿಡು, ಹಗುರಾಗುತ್ತದೆ’ ಅನ್ನುವವರೂ ಸಿಗುತ್ತಾರೆ. ಒಂದೇ ಏಟಿಗೆ ಎಲ್ಲ ತೆರೆದರೆ ಹಗುರಾಗುವ ಬದಲು ಮುಳುಗುವುದೇ ಹೆಚ್ಚು. ಆಘಾತದ ನೆನಪಿನ ಮೇಲೆ ಕೆಲಸ ಮಾಡುವ ಪದ್ಧತಿಗಳಿವೆ. ಆಘಾತಕ್ಕೆಂದೇ ರೂಪಿಸಿದ ಸಿಬಿಟಿ, ಅಂದರೆ ಯೋಚನೆ ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ ಇದೆ, ಕಣ್ಣಿನ ಚಲನೆ ಬಳಸುವ ಇಎಂಡಿಆರ್ ಎಂಬ ಚಿಕಿತ್ಸೆ ಇದೆ. ಎರಡಕ್ಕೂ ಒಳ್ಳೆಯ ಆಧಾರವಿದೆ, ಎರಡರಲ್ಲೂ ಮೊದಲ ಕೆಲವು ವಾರ ಕನಸು, ಕಿರಿಕಿರಿ ಹೆಚ್ಚಾಗಬಹುದು. ಮೊದಲು ಮನಸ್ಸನ್ನು ನಿಲ್ಲಿಸಿ ಆಮೇಲೆ ನೆನಪಿಗೆ ಕೈ ಹಾಕಬೇಕೇ ಅಥವಾ ನೇರ ನೆನಪಿಗೇ ಹೋಗಬಹುದೇ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ನಿಮ್ಮ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಎರಡು ತಾಸು ನಿದ್ದೆ, ಬಿಟ್ಟ ಮಾತ್ರೆ, ಮನೆಯಲ್ಲಿ ಮಗು. ಮೊದಲು ನಿದ್ದೆ, ಮಾತ್ರೆ, ಮಧ್ಯಾಹ್ನಗಳು ಹಿಡಿತಕ್ಕೆ ಬರಲಿ. ನೆನಪಿನ ಕೆಲಸ ಮಳೆ ಬಿದ್ದ ಮೇಲೆ.

ತವರುಮನೆಗೆ ಹೋಗಬೇಕೇ? ಅಪ್ಪ ಮೆತ್ತಗಾಗಿದ್ದಾನೆ ಎಂಬುದು ನಿಜವಿರಬಹುದು. ಲಕ್ವಾ ಅವನ ಕೈಯನ್ನು ನಿಲ್ಲಿಸಿದೆ, ನಿಮ್ಮ ಮೈಯೊಳಗಿನ ಗಡಿಯಾರವನ್ನು ನಿಲ್ಲಿಸಿಲ್ಲ. ಅದೇ ಮನೆ, ಅದೇ ತಿಂಗಳು, ನಿದ್ದೆಯಿಲ್ಲದ ನೀವು, ಪಕ್ಕದಲ್ಲಿ ಮಗಳು. ಈ ಬೇಸಿಗೆಯಲ್ಲಿ ಅಲ್ಲಿ ವಾಸಕ್ಕೆ ಹೋಗಬೇಡಿ ಅನ್ನುತ್ತೇನೆ. ಅವ್ವನನ್ನೇ ನಾಲ್ಕು ದಿನ ನಿಮ್ಮ ಮನೆಗೆ ಕರೆಸಿಕೊಳ್ಳಬಹುದು. ಅಪ್ಪನನ್ನು ನೋಡಿಕೊಳ್ಳುವವರು ಯಾರು ಎಂಬ ತೊಡಕು ಬರುತ್ತದೆ, ಅವ್ವ ಬೇಸರ ಮಾಡಿಕೊಳ್ಳಬಹುದು. ಹೋಗಲೇಬೇಕು ಅನಿಸಿದರೆ ಮನೆಯವರ ಜೊತೆ ಬೆಳಿಗ್ಗೆ ಹೋಗಿ ಊಟಕ್ಕೆ ಮೊದಲು ಹೊರಟುಬಿಡಿ, ಮಧ್ಯಾಹ್ನ ಅಲ್ಲಿ ಕಳೆಯಬೇಡಿ. ಮಗಳನ್ನು ಮಾತ್ರ ನಿಮ್ಮ ಕಣ್ಣಳತೆಯಿಂದ ಆಚೆ ಬಿಡಬೇಡಿ. ಇಂಥ ಅಪ್ಪ ಬದುಕಿದ್ದಾಗ ನೋಡಲು ಹೋಗದೆ, ಆಮೇಲೆ ಕೊರಗಿದವರನ್ನೂ ಕಂಡಿದ್ದೇನೆ; ಹೋಗಿ ಆರು ತಿಂಗಳು ಕುಸಿದವರನ್ನೂ ಕಂಡಿದ್ದೇನೆ. ಎರಡರಲ್ಲೂ ನೋವಿದೆ, ಯಾವುದನ್ನು ಹೊರಬಲ್ಲಿರಿ ಎಂಬುದು ನಿಮ್ಮ ತೀರ್ಮಾನ. ಕ್ಷಮಿಸದಿದ್ದರೆ ವಾಸಿಯಾಗುವುದಿಲ್ಲ ಎಂಬ ಮಾತನ್ನು ಮಾತ್ರ ನಂಬಬೇಡಿ. ಕ್ಷಮಿಸದೆ ಚೆನ್ನಾಗಿ ಗುಣವಾದವರು ಬಹಳ ಜನ ಇದ್ದಾರೆ. ಅವ್ವನಿಗೆ ಉದ್ದದ ವಿವರಣೆ ಬೇಡ. ‘ಈ ಸಲ ಆಗಂಗಿಲ್ಲವ್ವ, ನೀನೇ ಬಾ’ ಅಷ್ಟು ಸಾಕು.

ಮಗಳ ಮುಂದೆ ಎತ್ತಿದ ಕೈಯ ಬಗ್ಗೆ. ನಿಮ್ಮ ಅಪ್ಪನ ಕೈ ಇಳಿದೇ ಇಳಿಯುತ್ತಿತ್ತು, ನಿಮ್ಮದು ಗಾಳಿಯಲ್ಲಿ ನಿಂತಿತು. ಆ ಅಂತರ ನೀವು ಒಬ್ಬರೇ ದುಡಿದು ಸಂಪಾದಿಸಿದ್ದು. ಆದರೆ ಮಗು ಹೆದರಿದ್ದೂ ನಿಜ, ಅದನ್ನು ಮುಚ್ಚಬೇಡಿ. ಇವತ್ತು ಸಂಜೆ ಅವಳ ತಲೆ ಬಾಚುವಾಗಲೋ ಮಜ್ಜಿಗೆ ಕೊಡುವಾಗಲೋ ಹೇಳಿ: ‘ಅವತ್ತು ತಂಬಿಗೆ ಸಪ್ಪಳಕ್ಕೆ ನಂಗ ಭಾಳ ಅಂಜಿಕಿ ಆತು. ನಿಂದೇನು ತಪ್ಪಿಲ್ಲ. ಕೈ ಎತ್ತಿದ್ದು ನನ್ನ ತಪ್ಪು.’ ಅಜ್ಜನ ಕಥೆ ಈಗ ಅವಳಿಗೆ ಬೇಡ. ಅವಳ ವಯಸ್ಸಿಗೆ ಬೇಕಾದದ್ದು ಇಷ್ಟೇ: ಅಮ್ಮನ ಸಿಟ್ಟಿಗೆ ಕಾರಣ ನಾನಲ್ಲ, ಅಮ್ಮ ಅದಕ್ಕೆ ಔಷಧಿ ಮಾಡಿಸಿಕೊಳ್ಳುತ್ತಿದ್ದಾಳೆ.

ಹತ್ತಿರದ ವೈದ್ಯರ ಅಪಾಯಿಂಟ್‌ಮೆಂಟ್ ತಡವಾದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಿ. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಸುಳಿದರೂ ಮನೆಯವರಿಗೆ ಹೇಳಿ, ಆ ನಂಬರಿಗೆ ಕರೆ ಮಾಡಿ, ಮಾತ್ರೆಗಳನ್ನು ಬೇರೆಯವರ ಕೈಗೆ ಕೊಡಿ.

ವೈದ್ಯರ ಬಳಿ ಹೋಗುವಾಗ ನನಗೆ ಬರೆದ ಈ ಪತ್ರವನ್ನೇ ಒಯ್ಯಿರಿ. ಎಲ್ಲವನ್ನೂ ಮತ್ತೆ ಬಾಯಿಂದ ಹೇಳುವ ಹಿಂಸೆ ತಪ್ಪುತ್ತದೆ. ಸರ್ಟ್ರಾಲಿನ್ ಬಿಟ್ಟ ತಾರೀಖು, ಅಲ್ಪ್ರಜೋಲಾಮ್ ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಎಂಬುದನ್ನು ಅದರ ಮೇಲ್ಭಾಗದಲ್ಲಿ ಬರೆದುಕೊಳ್ಳಿ. ಅವರು ಮೊದಲು ಕೇಳುವುದು ಅದನ್ನೇ.